ಕಾಲಿನ ಗಾಳಿ

ಬಲ್ಮಠದಲ್ಲಿ ಆರ್ಗನ್ ನುಡಿಸುವವರಿಗೆ ಎರಡು ದಿನದ ತರಬೇತಿ.
ಊಟ ಉಂಟು, ಬಸ್ಸಿನ ಖರ್ಚು ಇಲ್ಲ.
ಉಡುಪಿಯಿಂದ ಆರು ಹತ್ತರ ಬಸ್ಸು ಹಿಡಿದೆ.
ಚೀಲದಲ್ಲಿ ಗೀತೆಯ ಪುಸ್ತಕ, ಸ್ಕ್ರೂಡ್ರೈವರ್,
ಹೊಲಿಗೆ ಮೆಷಿನಿನ ಎಣ್ಣೆ.
ಎಣ್ಣೆ ಯಾಕೆಂದರೆ, ಅಭ್ಯಾಸ.

ಹೆಸರು ಬರೆದುಕೊಳ್ಳುವ ಹುಡುಗಿ ಕೇಳಿದಳು,
ಎಷ್ಟು ವರ್ಷದ ಸೇವೆ?
ಹತ್ತೊಂಬತ್ತು.
ಯಾರ ಹತ್ತಿರ ಕಲಿತದ್ದು?
ಯಾರ ಹತ್ತಿರವೂ ಅಲ್ಲ ಮಾರಾಯ್ತಿ,
ತಿದಿ ಹರಿದಿತ್ತು, ಹೊಲಿಯಲಿಕ್ಕೆ ಕರೆದಿದ್ದರು.
ಇಲಿ ಕಡಿದ ಚರ್ಮಕ್ಕೆ ತೇಪೆ ಹಾಕಿ
ಗಾಳಿ ನಿಲ್ಲುತ್ತದೋ ಎಂದು ನಾಲ್ಕು ಮನೆ ಒತ್ತಿ ನೋಡಿದೆ.
ಹಿಂದೆ ಅಯ್ಯನವರು ನಿಂತಿದ್ದರು.
ಬರುವ ಭಾನುವಾರಕ್ಕೆ ನೀನೇ, ಎಂದರು.
ಮೆಷಿನು ತುಳಿದ ಕಾಲು, ಇದನ್ನೂ ತುಳಿಯಿತು.

ಹೆರ್ಮಿನಾ ಟೀಚರಿಗೆ ಎಪ್ಪತ್ತು ದಾಟಿದೆ, ಕನ್ನಡಕಕ್ಕೆ ದಾರ.
ಮೊದಲ ಪಾಠ ಚಪ್ಪಲಿಯದ್ದು:
ರಬ್ಬರಿನದು ಬೇಡ,
ಮೌನಪ್ರಾರ್ಥನೆಯ ನಡುವೆ ಅದೊಂದೇ ಮಾತಾಡುತ್ತದೆ.
ಆಮೇಲೆ, ಒತ್ತಿದ ಮನೆಯ ಮೇಲೆಯೇ ಬೆರಳು ಬದಲಿಸುವುದು.
ಗೂರ್ಖನ ಪಾಳಿಯ ಹಾಗೆ,
ಒಬ್ಬ ಬಂದು ನಿಲ್ಲದೆ ಇನ್ನೊಬ್ಬ ಹೋಗಬಾರದು.
ಬೆಳಗಿನ ಆರಾಧನೆಗೆ ಎಲ್ಲವೂ ಒಂದು ಮನೆ ಕೆಳಗೆ;
ಈಗಷ್ಟೇ ಎದ್ದ ಗಂಟಲಿಗೆ ಏಣಿ ಇಡಬೇಡಿ.

ಮದುಮಗಳು ತಡವಾದರೆ ಎಂತ ಮಾಡುವುದು?
ಕೇಳಿದವನು ಮುಲ್ಕಿಯ ಟೆಂಪೊ ಡ್ರೈವರ್, ಸಮರ್ಥ ಸಾಲಿನ್ಸ್.
ಹೊರಟಲ್ಲಿಗೇ ತಿರುಗಿ ಬನ್ನಿ,
ಆದರೆ ಬೇರೆ ದಾರಿಯಿಂದ, ಎಂದರು ಟೀಚರ್.
ಓ, ಪಡುಬಿದ್ರಿಯಲ್ಲಿ ಬ್ಲಾಕ್ ಆದಾಗ ನಾವೂ ಹಾಗೆಯೇ,
ಅಂದ ಅವನು, ಬರೆದೂ ಕೊಂಡ.

ಮತ್ತೆ ಉಸಿರು.
ಸಭೆ ಉಸಿರೆಳೆಯುವಲ್ಲಿ ನೀವೂ ಎಳೆಯಿರಿ,
ಕೈ ಎತ್ತಿ ಅವರಿಗೆ ಜಾಗ ಬಿಡಿ.
ಹಾಡಲು ಬಾರದಿದ್ದರೆ ತುಟಿಯಲ್ಲಾದರೂ ಹಾಡಿ.

ಎರಡನೆಯ ದಿನ ಒಬ್ಬೊಬ್ಬರೇ ನುಡಿಸಬೇಕು.
ನಾನು ಮುಗಿಸಿ ಬೆವರೊರೆಸುವಾಗ ಟೀಚರ್ ಹೇಳಿದರು,
ಚರಣದ ಕೊನೆಗೆ ನೀವು ಒಂದು ಎಣಿಕೆ ಹೆಚ್ಚು ನಿಲ್ಲುತ್ತೀರಿ.
ಒಂದು ಸಲ ಅಲ್ಲ, ಪ್ರತಿ ಸಲ. ಯಾಕೆ?
ಗೊತ್ತಿಲ್ಲ, ಎಂದೆ.
ನಿಜವಾಗಿ ಗೊತ್ತಿರಲಿಲ್ಲ.

ಹಿಂದೆ ಬರುವಾಗ ಉದ್ಯಾವರದ ಸೇತುವೆ ಮೇಲೆ ಹೊಳೆಯಿತು.
ಮೂರನೆಯ ಬೆಂಚು, ಕಿಟಕಿಯ ಬದಿ, ಧನವತಿಬಾಯಿ.
ಕಿವಿ ಪೂರ್ತಿ ಹೋಗಿತ್ತು.
ಪಕ್ಕದವರ ಬಾಯಿ ನೋಡಿ ಹಾಡುವವರು,
ಹಾಗಾಗಿ ಎಲ್ಲರೂ ಮುಟ್ಟಿದ ಮೇಲೆ ಮುಟ್ಟುವವರು.
ಅವರ ಕೊನೆಯ ಪದ ಗಾಳಿಯಿಲ್ಲದೆ ಒಂಟಿಯಾಗಬಾರದೆಂದು
ನನ್ನ ಕಾಲು ಇನ್ನೊಮ್ಮೆ ತುಳಿಯುತ್ತಿತ್ತು.
ನನಗೆ ಹೇಳದೆಯೇ ತುಳಿಯುತ್ತಿತ್ತು.

ಅವರು ಹೋಗಿ ನಾಲ್ಕು ವರ್ಷ.
ಮಣ್ಣಿಗೆ ಒಯ್ಯುವ ದಿನ ನುಡಿಸಿದವನೂ ನಾನೇ.

ಭಾನುವಾರ ಸರಿಮಾಡಿಕೊಂಡೇ ಕುಳಿತೆ.
ಹೊಸ ಚರ್ಮದ ಚಪ್ಪಲಿ. ಮನಸ್ಸಿನಲ್ಲಿ ಎಣಿಕೆ.
ಒಂದನೆಯ ಚರಣ ಮುಗಿಯಿತು,
ಸರಿಯಾಗಿ ನಾಲ್ಕಕ್ಕೆ ಕೈ ಎತ್ತಿದೆ.

ಬೆನ್ನ ಹಿಂದೆ ಅವರು ನಿಲ್ಲಿಸಲಿಲ್ಲ.
ಅಂಗನವಾಡಿಯ ವಿಮಲಾ, ಬೋಟಿನ ಲೆಕ್ಕ ಬರೆಯುವ ಅಮ್ಮನ್ನರು,
ಆ ಬಾಯಿಯನ್ನು ಕಂಡೇ ಇರದ ಮಕ್ಕಳೂ ಸಹ,
ಇಡೀ ಸಭೆ ಒಂದು ಎಣಿಕೆಯಷ್ಟು ದೂರ
ಆರ್ಗನ್ ಇಲ್ಲದೆ ನಡೆಯಿತು.

ಎರಡನೆಯ ಚರಣಕ್ಕೆ ನಾನೂ ಜೊತೆಗೆ ಹೋದೆ.

ಪ್ರಮಾಣಪತ್ರ ಅಂಚೆಯಲ್ಲಿ ಬಂತು.
ಬೆರಳು: ಉತ್ತಮ. ತಿದಿಯ ಆರೈಕೆ: ಅತ್ಯುತ್ತಮ.
ಲಯ: ಸುಧಾರಿಸಬೇಕು.
ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗಿಸಿದ್ದೇನೆ,
ಬಾಬಿನ್ ಡಬ್ಬಿಗಳ ಮೇಲೆ,
ಬಂದವರಿಗೆ ಓದಲಿಕ್ಕೆ ಸಿಗುವ ಹಾಗೆ.