ಬೆನ್ನಿನೊಳಗಿನ ಹಾಳೆ

ಕಬ್ಬಿನ ಗದ್ದೆಗೆ ಬೆಂಕಿಯಿಡುವ ತಿಂಗಳು
ಪ್ರಿನ್ಸಸ್ ಟೌನಿನ ಮೇಲೆ ಬೂದಿ ಇಳಿಯುತ್ತದೆ:
ಒಣಹಾಕಿದ ಸೀರೆಗೆ, ಇಗರ್ಜಿಯ ತಗಡಿಗೆ,
ಅಂಗಳದ ಬಿದಿರಿಗೆ ಕಟ್ಟಿದ ಕೆಂಪು ಬಾವುಟಗಳಿಗೆ.
ನಾನು ಕಿಟಕಿ ಮುಚ್ಚಿ ಅಂಟು ಕಾಯಿಸುತ್ತೇನೆ.
ಮೈದಾ, ನೀರು, ಚಿಟಿಕೆ ಮೈಲುತುತ್ತ.
ಅಪ್ಪ ಕಲಿಸಿದ ಪಾಕ. ಹುಳುವಿಗೆ ವಿಷ,
ಹಾಳೆಗೆ ಅನ್ನ, ಎನ್ನುತ್ತಿದ್ದ.

ಅದೇ ವಾರ ಎರಡು ಗಂಟು ಬಂದವು.

ಒಂದು ಸುಮಿಂತ್ರಾ ಆಜಿಯದು, ಕಲ್ಲಚ್ಚಿನ ಹೊತ್ತಿಗೆ.
ಅವಳ ಅಜ್ಜ ಅದನ್ನು ಹೊಟ್ಟೆಗೆ ಕಟ್ಟಿಕೊಂಡು
ಕರಿನೀರು ದಾಟಿದನಂತೆ.
ಹಡಗಿನ ಡಾಕ್ಟರು ಅಂಗಿಯ ಮೇಲಿಂದಲೇ ತಟ್ಟಿ
'ಜಲೋದರ' ಎಂದು ಬರೆದುಕೊಂಡನಂತೆ.
ತುಪ್ಪದ ಕಲೆ, ಅರಿಶಿನದ ಬೆರಳು,
ಕಪ್ಪಗೆ ಒಣಗಿದ ಒಂದು ತುಳಸಿ ಎಲೆ.
ಎಣಿಸಿದೆ. ಎಪ್ಪತ್ತೊಂದಾದ ಮೇಲೆ ಎಪ್ಪತ್ತಮೂರು.

"ಒಂದು ಹಾಳೆ ಇಲ್ಲ, ಆಜಿ."
"ಇಲ್ಲವೇ? ನಾನು ಓದುವಾಗ ಇರುತ್ತದಲ್ಲ."

ಇನ್ನೊಂದು ಮಿಸ್ ಎನಿಡ್ ಸೀಪರ್ಸಾದ್ ತಂದದ್ದು,
ಗುಡ್ಡದ ಮೇಲಿನ ಇಗರ್ಜಿಯ ಹಾಡಿನ ಪುಸ್ತಕ.
ಅವಳ ಅಜ್ಜ ತಲೆಗೆ ನೀರು ಹಾಕಿಸಿಕೊಂಡಾಗ
ಮಾಸ್ತರಿಕೆಯ ಆಸೆಗೆ, ಎಂದಿತಂತೆ ಊರು.
"ಆಸೆಗೆ ಬಂದವನು ಐವತ್ತು ವರ್ಷ
ಬೆಳಗಿನ ನಾಲ್ಕಕ್ಕೆದ್ದು ಹಾಡುತ್ತಾನೆಯೇ?"
ಎಂದು ಕೇಳುತ್ತಾಳೆ ಮಿಸ್ ಎನಿಡ್,
ನಾನೇ ಆ ಮಾತು ಆಡಿದವಳೇನೋ ಎಂಬಂತೆ.
ಹಿಂದಿಯ ಹಾಡು, ರೋಮನ್ ಅಕ್ಷರ.
ಕರುಣಾನಿಧಿ, ತಾರಣಹಾರ, ದೀನನಾಥ:
ಅವೇ ಪದಗಳು ಮೇಜಿನ ಎರಡೂ ತುದಿಯಲ್ಲಿದ್ದವು,
ಒಂದಕ್ಕೊಂದು ಪರಿಚಯ ಹೇಳಿಕೊಳ್ಳದೆ.
ಮೇಣದ ಹನಿ, ಪೌಡರಿನ ವಾಸನೆ.
ಬೆನ್ನು ಮುರಿದಿತ್ತು.

ಒದ್ದೆಬಟ್ಟೆ ಹೊದಿಸಿ, ಅಂಟು ಮೆತ್ತಗಾಗಲೆಂದು ಕಾದು
ಎಲುಬಿನ ಕತ್ತಿಯಿಂದ ತೊಗಲು ಎಬ್ಬಿಸಿದೆ.
ಒಳಗೆ ಆಸರೆಗೆಂದು ಒತ್ತಿದ ಕಾಗದ,
ಮೂರು ಬೆರಳಗಲದ ಪಟ್ಟಿ, ಒಂದರ ಮೇಲೊಂದು ಮೂರು.
ದೇವನಾಗರಿ.
ಮೂಲೆಯಲ್ಲಿ ಅಂಕಿ: ಎಪ್ಪತ್ತೆರಡು.

ಅಂಟಿನಲ್ಲಿ ಮೈಲುತುತ್ತದ ನೀಲಿ.
ಅಪ್ಪನ ಕೈ.

ಯುದ್ಧಕಾಲ, ಕಾಗದ ಸಿಗದ ವರ್ಷವಿರಬಹುದು.
ಕುಡಿದಿದ್ದಿರಬಹುದು; ಕುಡಿಯುತ್ತಿದ್ದ.
ಉದುರಿದ ಹಾಳೆಯನ್ನು ರದ್ದಿಯೆಂದು ತಿಳಿದನೋ,
ಅಥವಾ, ಪೂಜೆಗೂ ಪ್ರಾರ್ಥನೆಗೂ ಹೋಗದೆ
ಭಾನುವಾರವಿಡೀ ದಬ್ಬಣ ಮಸೆಯುತ್ತಿದ್ದ ಆ ಮನುಷ್ಯ
ತಿಳಿದೇ ಕತ್ತರಿಸಿದನೋ.
ಗೋರಿಯಲ್ಲ, ಬೂದಿಯಾದವನು. ಎಲ್ಲಿ ಹೋಗಿ ಕೇಳಲಿ?

ಆಜಿಗೆ ಹೇಳಿಕಳುಹಿಸಿದೆ. ಕೋಲೂರಿ ಬಂದಳು.
ಬಯ್ಯುವಳೆಂದು ಮೊದಲೇ ತಲೆ ತಗ್ಗಿಸಿ ನಿಂತೆ.
ಅವಳು ಪಟ್ಟಿಯ ಮೇಲೆ ಬೆರಳಿಟ್ಟು
ಸಣ್ಣ ದನಿಯಲ್ಲಿ ಹೇಳತೊಡಗಿದಳು.
ಅಕ್ಷರ ಅಂಟಿನೊಳಗೆ ಮುಳುಗಿದ ಕಡೆಯೂ ನಿಲ್ಲಲಿಲ್ಲ.
ಬೆರಳು ಕಾಗದ ದಾಟಿ, ಮೇಜು ದಾಟಿ,
ಗಾಳಿಯಲ್ಲಿ ಓದುತ್ತಾ ಹೋಯಿತು.

"ಕೀಳಲೇ?" ಎಂದೆ.
"ಡುಲಾರಿ, ಮೂವತ್ತೆರಡು ಸುಗ್ಗಿ ಕಬ್ಬು ಕಡಿದವಳು ನಾನು.
ಬೆನ್ನಿಗೆ ಕೊಟ್ಟ ಆಸರೆ ಕೀಳುತ್ತಾರೆಯೇ?"
ಹಾಡಿನ ಪುಸ್ತಕವನ್ನು ಒಮ್ಮೆ ಕಣ್ಣಿಗೊತ್ತಿಕೊಂಡಳು.
ಆಮೇಲೆ, ಅಂಟು ಮೆತ್ತಿದ ಹುಬ್ಬು ಒರೆಸಿಕೊಳ್ಳುತ್ತಾ
"ನಿನ್ನಪ್ಪ ನನಗಿನ್ನೂ ಎರಡು ಡಾಲರ್ ಕೊಡಬೇಕು" ಅಂದಳು.

ಅವಳ ಹೊತ್ತಿಗೆಗೆ ಒಂದು ಖಾಲಿ ಹಾಳೆ ಸೇರಿಸಿ ಹೊಲಿದೆ.
ಈಗ ಕಥೆಯ ದಿನ, ಎಲ್ಲರೂ ಕೂತಿರುವಾಗ,
ಆಜಿ ಅಲ್ಲಿಗೆ ಬಂದರೆ ತಡೆಯುತ್ತಾಳೆ;
ಬಿಳಿಯನ್ನು ಸಾಲು ಸಾಲಾಗಿ ಓದಿ,
ಮಗುಚಿ, ಹಿಂಬದಿಯನ್ನೂ ಓದಿ,
ಆಮೇಲೆಯೇ ಮುಂದಕ್ಕೆ.

ಮಿಸ್ ಎನಿಡ್‌ಗೆ ನಾನಿನ್ನೂ ಹೇಳಿಲ್ಲ.
ಪುಸ್ತಕ ತೆರೆದು ನೋಡಿದಳು, ಮಡಚಿದಳು,
ಗಟ್ಟಿಯಾಗಿದೆ ಎಂದಳು.
ರಸೀದಿಯಲ್ಲಿ ಹೀಗೆ ಬರೆದುಕೊಟ್ಟೆ:
ಹೊಸ ತೊಗಲು, ಹೊಸ ದಾರ.
ಹಳೆಯ ಆಸರೆ ಹಾಗೆಯೇ ಉಳಿಸಿದೆ.
ನಾಲ್ಕು ಡಾಲರ್.