ಕಿವಿರು ಎತ್ತಿ ನೋಡುವುದು

ಗ್ರಿಮ್ಸ್‌ಬಿಯ ಮೀನು ಹರಾಜುಕಟ್ಟೆಯ ಮಹಡಿಯಲ್ಲಿ
ಒಂದು ಹೀಟರು, ಒಂದು ಸರ್ವರು, ನಾನು.
ಬೆಳಗಿನ ಜಾವ ಮೂರೂಕಾಲು.
ಕೆಳಗೆ ಐಸು ಸುರಿಯುವ ಸದ್ದು,
ಯಾರೋ ಒಂದು ಮೂಟೆ ಗಾಜಿನ ಬಳೆ
ಒಮ್ಮೆಗೇ ಕೊಡವಿದ ಹಾಗೆ.

ಹೋದ ತಿಂಗಳು ನಮ್ಮ ಹೆಸರಲ್ಲಿ ಒಂದು ಪತ್ರ ಹೋಗಿತ್ತು,
ನಾವು ಬರೆಯದ್ದು.
"ಬ್ಯಾಂಕು ಬದಲಾಗಿದೆ, ಹಣ ಇಲ್ಲಿಗೆ ಹಾಕಿ."
ಲೌತ್ ಊರಿನ ಚಿಪ್ಸ್ ಅಂಗಡಿಯ ಡೆನಿಸ್ ಮಾವರ್ ಹಾಕಿಬಿಟ್ಟ:
ಸಾವಿರದೆಂಟುನೂರ ನಲವತ್ತು ಪೌಂಡು,
ಆರು ವಾರದ ಹ್ಯಾಡಕ್ ಮೀನಿನ ಬಾಕಿ.
ವಿಳಾಸ ನಮ್ಮದೇ, ಒಕ್ಕಣೆ ನಮ್ಮದೇ,
ಕೊನೆಗೆ ಮೌರೀನ್ ತಪ್ಪದೆ ಹಾಕುವ "ಮನೆಯವರಿಗೆ ಕೇಳಿದೆನೆಂದು ಹೇಳಿ"
ಅದೂ ನಮ್ಮದೇ.

ಅದಕ್ಕೇ ಈ ರಾತ್ರಿ, ಹೊರಹೋಗುವ ಪ್ರತಿ ಪತ್ರಕ್ಕೂ ರುಜು.
ಎರಡು ಕೀಲಿ ಹುಟ್ಟಿಸಿದೆ, ಅವಳಿ.
ಒಂದು ಇಲ್ಲೇ ಇರಬೇಕು, ಯಾರ ಕಣ್ಣಿಗೂ ಬೀಳದೆ.
ಇನ್ನೊಂದು ಊರ ಮುಂದೆ ಬಿಚ್ಚಿಟ್ಟದ್ದು,
ಬಂದವರು ಹೋಲಿಸಿ ನೋಡಲಿ ಎಂದು.
ಬಿಚ್ಚಿಡುವುದೂ ಸುಲಭವಲ್ಲ: ಡಿಎನ್‌ಎಸ್‌ನ ಒಂದು ತುಂಡಿಗೆ
ಇನ್ನೂರೈವತ್ತೈದು ಅಕ್ಷರ, ಅದರಾಚೆ ಒಲ್ಲೆನೆನ್ನುತ್ತದೆ.
ಕೀಲಿ ಮುರಿದು ಪಕ್ಕಪಕ್ಕ ಮಲಗಿಸಿದೆ.
ಕಾಪಿಯಾಗದೆ ಉಳಿದ ಕೊನೆಯ ಒಂದಕ್ಷರ
ಒಂದು ಗಂಟೆ ತಿಂದಿತು.
ಗುಟ್ಟಿನ ಕೀಲಿಯ ಕಡತ ಎಲ್ಲರೂ ಓದುವಂತಿತ್ತೆಂದು
ರುಜು ಹಾಕುವ ಪ್ರೋಗ್ರಾಮು ಮುನಿಸಿಕೊಂಡು ಕೂತಿತು.
ಸರಿಯಪ್ಪಾ ಎಂದು ಬಾಗಿಲು ಮುಚ್ಚಿಕೊಟ್ಟೆ.

ನಾಲ್ಕೂ ಹತ್ತು. ನನಗೇ ನಾನೊಂದು ಪತ್ರ ಕಳಿಸಿಕೊಂಡೆ.
ತಲೆಬರಹದ ಕಸವನ್ನೆಲ್ಲ ಸರಿಸಿ ಹುಡುಕಿದರೆ
ಅಲ್ಲಿತ್ತು: ಪಾಸ್.
ಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ ಎಸ್ಸೆಸ್ಸೆಲ್ಸಿ ನಂಬರು
ಬೆರಳಿಗೆ ಸಿಕ್ಕ ದಿನದಂತೆ
ಸುತ್ತ ನೋಡಿದೆ. ಹೇಳಲು ಯಾರೂ ಇರಲಿಲ್ಲ.

ಕೆಳಗಿಳಿದೆ. ಪೆಟ್ಟಿಗೆ ಪೆಟ್ಟಿಗೆಗೂ ದೋಣಿಯ ಹೆಸರಿನ ಚೀಟಿ.
ಬಿಳಿ ಬೂಟಿನ ವ್ಯಾಪಾರಿಯೊಬ್ಬ ಚೀಟಿ ಓದಿದ, ತಲೆಯಾಡಿಸಿದ,
ಆಮೇಲೂ ಹೆಬ್ಬೆರಳು ತೂರಿಸಿ
ಕಿವಿರು ಎತ್ತಿ ನೋಡಿದ.
ಕೆಂಪು.
ನನ್ನ ರುಜು ಹೇಳಬಲ್ಲದ್ದು ಇಷ್ಟೆ:
ಈ ದೋಣಿಯದು, ದಾರಿಯಲ್ಲಿ ಯಾರೂ ತಿದ್ದಿಲ್ಲ.
ಒಳಗಿನದು ತಾಜಾವೋ ಹಳಸಲೋ
ಅದಕ್ಕೆ ಗೊತ್ತಿಲ್ಲ.

ಆರಕ್ಕೆ ದರಪಟ್ಟಿ ಹೊರಟಿತು, ರುಜು ಸಮೇತ.
ಆರೂ ಎರಡಕ್ಕೆ ಫೋನು. ಡೆನಿಸ್.
"ಪಟ್ಟಿ ಬಂತು. ನೀವೇ ಕಳಿಸಿದ್ದಾ?"
ಹೌದು, ಅಂದೆ. ಕೀಲಿ, ರುಜು, ಹೋಲಿಕೆ, ಎಲ್ಲ ಬಿಡಿಸಿ ಹೇಳಿದೆ.
ತಾಳ್ಮೆಯಿಂದ ಕೇಳಿಸಿಕೊಂಡ.
"ಅದೆಲ್ಲ ಸರಿ," ಅಂದ.
"ಆ ಹೌದು ಇನ್ನೊಂದು ಸಲ ಹೇಳಿ, ಸ್ವಲ್ಪ ಮೆಲ್ಲಗೆ."