ಐದನೇ ಹಲ್ಲು

ಬೆಟಗೇರಿಯ ಟೈಪಿಂಗ್ ಕ್ಲಾಸಿನ್ಯಾಗ, ಎಂಬತ್ತೇಳರಾಗ,
ಹದಿನಾಕು ರೆಮಿಂಗ್ಟನ್ನಿನ ನಡುವ ಒಂದು ಸ್ಪೆಕ್ಟ್ರಮ್.
ಫೀ ಬರಕೊಳ್ಳಾಕಿ ನಾನು, ಅದರ ಧೂಳ ಒರಸಾಕೀನೂ ನಾನು.
ಮೆತ್ತನ್ನ ರಬ್ಬರ್ ಗುಂಡಿ, ಪಾಟಿಯಷ್ಟ ಮೈ,
ಬೆನ್ನಿಗೊಂದು ಸೀಳು.
ಸೀಳಿನೊಳಗ ಮ್ಯಾಲ ಇಪ್ಪತ್ತೆಂಟು ಮನಿ, ಕೆಳಗ ಇಪ್ಪತ್ತೆಂಟು.
ಐದನೇ ಮನ್ಯಾಗ ಯಾರೂ ಇಲ್ಲ, ಬರೇ ಕಚ್ಚು.
ಹೊರಗಿಂದ ಬರೂ ಡಬ್ಬಿಗೆ ಅಲ್ಲೇ ಒಂದು ಹಲ್ಲಿರಬೇಕು:
ಹಲ್ಲು ಕಚ್ಚಿಗೆ ಕುಂತರ ಒಳಗ ಬಾ,
ಇಲ್ಲಂದ್ರ ಹೊರಗ ನಿಂದ್ರು.

ಕಿಲ್ಲೇದಾರ ಮಾಸ್ತರು ಪುಣೆಯ ಹಳೇ ಬಾಜಾರದಿಂದ
ಪ್ರಿಂಟರಿನ ಡಬ್ಬಿ ತಂದ್ರು. ಅದರ ಹಲ್ಲು
ಯಾರೋ ಪಕ್ಕಡಲೆ ಮುರದಿದ್ರು,
ಬ್ಯಾರೆ ಯಾವುದೋ ಮಶೀನಿಗೆ ಬಲವಂತ ಮಾಡಿ.
"ಹಲ್ಲಿಲ್ಲದಾಂವ ಎಲ್ಲಾ ಕಡೆ ಉಣ್ತಾನ" ಅಂತ ನಕ್ಕು
ತುರುಕಿದ್ರು. ಹೋತು.
ಸಲೀಸಾಗಿ ಹೋಗಿದ್ದ ತಪ್ಪಾತು.

ಸ್ವಿಚ್ಚು. ಟೀವ್ಯಾಗ ಕರಿ ಬಿಳಿ ಪಟ್ಟಿ, ಆಮ್ಯಾಲ ಬರೇ ಬಿಳಿ,
ಆಮ್ಯಾಲ ಸುಟ್ಟ ಬಳಿ ನಾತ.
ಒಂದ ಮನಿ ಸರದು
ಒಂಬತ್ತು ವೋಲ್ಟು ಐದರ ಮನಿಗೆ ಹೊಕ್ಕಿತ್ತು.

ನಾತಕ್ಕ ಕೆಳಗಿನ ಮಗ್ಗ ನಿಂತಿತು. ಅಂಬೂಬಾಯಿ ಕಬಾಡಿ
ಸೆರಗಿಲೆ ಕೈ ಒರಸಕೋಂತ ಮೆಟ್ಲ ಹತ್ತಿ ಬಂದು
ಮಾಸ್ತರ ಮಾರಿ ನೋಡ್ಲಿಲ್ಲ, ಸೀಳು ನೋಡಿದ್ಲು.
ಸೂಜಿ ಮೊನಿಲೆ ಎಣಸಿದ್ಲು, ಎಡದಿಂದೊಮ್ಮೆ, ಬಲದಿಂದೊಮ್ಮೆ.
"ಒಂದ ಎಳಿ ತಪ್ಪೈತ್ರಿ.
ಹಣಿಗ್ಯಾಗ ಒಂದ ಎಳಿ ತಪ್ಪಿದ್ರ ನಾವು ಪೂರಾ ಬಿಚ್ಚತೀವಿ.
ನೀವು ಬೆಂಕಿ ಹಚ್ಚತೀರಿ."

ಮುಂಬೈದಿಂದ ಚಿಪ್ಪು ಬರಾಕ ನಾಕು ತಿಂಗಳು.
ಅಷ್ಟರಾಗ ಆಕಿ ಸವದ ಹಣಿಗಿಯಿಂದ
ಒಂದು ಬಿದಿರಿನ ಹಲ್ಲು ಕಿತ್ತು, ಕೆರದು, ಮೇಣ ಹಚ್ಚಿ
ಡಬ್ಬಿಯ ಐದನೇ ಮನ್ಯಾಗ ನಿಂದ್ರಿಸಿದ್ಲು.
ಈಗ ಅದು ಎಲ್ಲಿ ಬೇಕಲ್ಲಿ ಹೋಗಲಿಲ್ಲ.
ತನ್ನ ಜಾಗಾಕ್ಕ ಹೋತು.

ಕರಕರ ಅಂತ ಪ್ರಿಂಟರು ಮೊದಲು ಹೊಡದಿದ್ದು ಆಕಿ ಹೆಸರು.
ಚೀಟಿ ಒಮ್ಮೆ ಸೀದಾ, ಒಮ್ಮೆ ತಿರುವಿ ಹಿಡದು
"ಇದು ನಾನೇನು?" ಅಂದ್ಲು.
ಎಲ್ಲಾ ಇಂಗ್ಲೀಷು.
ಕನ್ನಡ ಹಚ್ಚಾಕ ಅದಕ್ಕ ಎಲ್ಲೂ ಸೀಳಿರಲಿಲ್ಲ.

ಹ್ವಾದ ವಾರ ಹಳೇ ಮಶೀನು ಕೂಡಿಸೂ ಹುಡುಗ ಬಂದಿದ್ದ.
ಟಾರ್ಚು ಬಿಟ್ಟು ನೋಡಿ, "ಅಸಲಿ ಹಲ್ಲಿಲ್ರಿ, ಕಟಗಿ ಚೂರು ಐತಿ"
ಅಂತ ಐನೂರು ರೂಪಾಯಿ ಮುರಕೊಂಡ.
ಮುರಕೊಳ್ಳಲಿ.
ಕೊಡೂದಿಲ್ಲ ಅನ್ನಾಕ ಬಾಯಿ ತಗದೆ, ಕೊಟ್ಟೆ;
ಕಪಾಟಿನ್ಯಾಗ ನನಗೂ ಜಾಗಾ ಬೇಕಾಗಿತ್ತು.
ಬಸ್‌ಸ್ಟ್ಯಾಂಡ್ ತನಕ ಹೋಗಿ, ಕಿಡಕಿ ಬಡದು
ಮತ್ತೊಮ್ಮೆ ಹೇಳಿ ಬಂದೆ:
ಆ ಹಲ್ಲು ಕೀಳಬ್ಯಾಡೋ ತಮ್ಮಾ.